ಹಳೇ ತೋಟದ ಚೀಟಿ



ಕಳೆದ ಸುಗ್ಗಿಯಲ್ಲಿ ನನ್ನಿಂದ ಒಂದು ತಪ್ಪಾಯಿತು. ಅದನ್ನು ನಿಮ್ಮ ಮುಂದೆ ಹೇಳಿಕೊಳ್ಳದೆ ಈ ಸಂಚಿಕೆಯ ವಿಷಯಕ್ಕೆ ಬರಲಾರೆ.

ಅರೇಬಿಕಾ ಹಣ್ಣಿನ ಕೊಯ್ಲು ಭರದಿಂದ ಸಾಗಿದ್ದ ಕಾಲ. ಸಕಲೇಶಪುರ ತಾಲ್ಲೂಕಿನ ಯಸಳೂರು ಕಡೆಯ ತೋಟವೊಂದರ ಲೈನ್‌ಮನೆಯಿಂದ ಹೆಣ್ಣುಮಗಳೊಬ್ಬಳು ನಾಲ್ಕು ವರ್ಷದ ಮಗುವಿನ ಕೈ ಹಿಡಿದುಕೊಂಡು ನಮ್ಮಲ್ಲಿಗೆ ಬಂದಳು. ಕಿವಿಯ ಹಿಂದೆ ರಕ್ತ ಹೆಪ್ಪುಗಟ್ಟಿತ್ತು. ಗಂಡ ಹೊಡೆಯುವುದು ಅವಳಿಗೆ ಹೊಸದಲ್ಲ. ಈ ಸಲ ಬಟವಾಡೆ ಹಣದಲ್ಲಿ ಮಗುವಿಗೆ ಔಷಧಿ ತಂದದ್ದೇ ಕಾರಣ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನ್ 11ರಿಂದ ಟಿಕೆಟ್ ಹಣವಿಲ್ಲ, ನಿಜ. ಆದರೆ ಗುರುತಿನ ಚೀಟಿ ತೋರಿಸಬೇಕು. ಇವಳ ಆಧಾರ್ ಕಾರ್ಡು ತೋಟದ ಆಫೀಸಿನ ಬೀರುವಿನಲ್ಲಿತ್ತು. ಬಸ್ಸಿನ ಹಣವನ್ನು ಪಕ್ಕದ ಲೈನಿನ ಹೆಂಗಸು ಕೊಟ್ಟಿದ್ದಳು.

ತವರಿಗೆ ಹೋಗುವುದಿಲ್ಲ ಎಂದಳು. ಅವಳ ಮದುವೆಯ ಸಾಲವೇ ಅಲ್ಲಿ ಇನ್ನೂ ತೀರಿಲ್ಲ. ಪೊಲೀಸ್ ಠಾಣೆಯ ಮಾತನ್ನೂ ಅವಳು ಮೊದಲು ಎತ್ತಲಿಲ್ಲ. ಕೇಳಿದ್ದು ಒಂದೇ: "ಅಕ್ಕಾ, ನಂಗೊಂದು ಕೆಲಸ ಕೊಡ್ಸಿ. ಮಿಕ್ಕಿದ್ದು ನಾನು ನೋಡ್ಕತೀನಿ."

ಆಲೂರು ಕಡೆಯ ತೋಟವೊಂದಕ್ಕೆ ನಾನೇ ಕರೆದುಕೊಂಡು ಹೋದೆ. ಸುಗ್ಗಿಯಲ್ಲಿ ಆಳು ಸಿಗುವುದೇ ಕಷ್ಟ, ತಕ್ಷಣ ಸೇರಿಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ರೈಟರು ಒಳ್ಳೆಯ ಮನುಷ್ಯ. ಮಗುವನ್ನು ಕೂರಿಸಿ ಬಿಸ್ಕತ್ತು ಕೊಟ್ಟರು. ಆಮೇಲೆ ಪ್ರಶ್ನೆಗಳು ಶುರುವಾದವು. "ಏನಮ್ಮಾ, ಯಾವ ತೋಟದಿಂದ ಬಂದೆ? ಗಂಡ ಎಲ್ಲಿ? ಅವನು ಬರಲ್ವಾ? ಹೊಟ್ಟೇಲಿ ಏನಾದ್ರೂ ಇದ್ಯಾ? ಹಳೇ ತೋಟದ ಚೀಟಿ ತಂದಿದ್ದೀಯಾ?"

ಅವಳು ನನ್ನ ಮುಖ ನೋಡಿದಳು. "ಇದ್ದದ್ದು ಇದ್ದ ಹಾಗೆ ಹೇಳಮ್ಮಾ, ಸುಳ್ಳು ಯಾಕೆ" ಎಂದೆ. ನನ್ನ ತಪ್ಪು ಅದೇ. ಅವಳು ತೋಟದ ಹೆಸರು ಹೇಳಿದಳು. ರೈಟರು ಅಲ್ಲಿಯೇ ಫೋನು ಮಾಡಿದರು. ಆ ಕಡೆಯಿಂದ ಬಂದ ಮೊದಲ ಉತ್ತರ: ಆ ಹೆಸರಿನವರು ನಮ್ಮ ಪುಸ್ತಕದಲ್ಲಿ ಇಲ್ಲ. ಎರಡನೆಯದು: ಓಹೋ, ಅವನ ಹೆಂಡತಿಯಾ? ಅವನು ಹುಡುಕುತ್ತಿದ್ದಾನೆ, ಮುಂಗಡ ಬಾಕಿ ಇದೆ, ವಾಪಸ್ ಕಳಿಸಿ.

ನನ್ನ ಮಾತಿನ ಮೇಲೆ ರೈಟರು ಕೆಲಸ ಕೊಟ್ಟರು. ನಾಲ್ಕನೆಯ ದಿನ ಸಂಜೆ, ಕಣದಲ್ಲಿ ಹಣ್ಣು ತೂಗುವ ಹೊತ್ತಿಗೆ, ಗಂಡ ಬಂದು ನಿಂತ. ಜುಟ್ಟು ಹಿಡಿದು ಎಳೆದ. ಕೊಯ್ಲಿನ ಹೆಂಗಸರು ಸುತ್ತುವರಿದು ಬಿಡಿಸಿದರು. ಅವರಿಲ್ಲದಿದ್ದರೆ ಏನಾಗುತ್ತಿತ್ತೋ ನಾನು ಊಹಿಸಲಾರೆ.

ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ರೈಟರು ಎಲ್ಲ ತೋಟದವರೂ ಮಾಡುವುದನ್ನೇ ಮಾಡಿದರು. ನಾನು ಎಲ್ಲರೂ ಹೇಳುವುದನ್ನೇ ಹೇಳಿದೆ. ಆದರೂ ಒಂದು ಫೋನು ಅವಳು ಓಡಿಬಂದ ಮನೆಗೆ ಅವಳ ವಿಳಾಸವನ್ನು ಮುಟ್ಟಿಸಿತು. ಕೆಲಸಕ್ಕೆ ಸೇರುವವರ ಹಿಂದಿನ ಚರಿತ್ರೆ ಪರಿಶೀಲಿಸುವುದು ಬರೀ ಆಫೀಸಿನ ಶಿಸ್ತು ಎಂದು ನಾವು ತಿಳಿದಿದ್ದೇವೆ. ಹೊಡೆತದಿಂದ ತಪ್ಪಿಸಿಕೊಂಡ ಹೆಣ್ಣಿಗೆ ಅದು ಪ್ರಾಣದ ಪ್ರಶ್ನೆ.

ಆ ದಿನ ಬಂದ ಎರಡು ಉತ್ತರಗಳನ್ನೂ ಬಿಡಿಸಿ ನೋಡಬೇಕು.

ಮೊದಲನೆಯದು, ಪುಸ್ತಕದಲ್ಲಿ ಹೆಸರಿಲ್ಲ ಎಂಬುದು. ಅವಳು ಆ ತೋಟದಲ್ಲಿ ಹನ್ನೊಂದು ವರ್ಷ ದುಡಿದವಳು. ಹಣ್ಣು ಕೊಯ್ದವಳು, ಚಿಗುರು ತೆಗೆದವಳು, ಕಳೆ ಕಿತ್ತವಳು, ಕಣದಲ್ಲಿ ಕಾಫಿ ಹರವಿದವಳು, ಬೇಸಿಗೆಯಲ್ಲಿ ಮೆಣಸು ಆರಿಸಿದವಳು. ನಮ್ಮ ಬೆಟ್ಟಗಳಲ್ಲಿ ಎಷ್ಟೋ ತೋಟಗಳು ಆಳನ್ನು ಒಬ್ಬೊಬ್ಬರಾಗಿ ತೆಗೆದುಕೊಳ್ಳುವುದಿಲ್ಲ, ಸಂಸಾರವಾಗಿ ತೆಗೆದುಕೊಳ್ಳುತ್ತವೆ. ಗಂಡಸಿನ ಹೆಸರು ಚೆಕ್‌ರೋಲಿಗೆ ಬರುತ್ತದೆ. ಹೆಂಗಸು ಅದರ ಕೆಳಗೆ 'ಹೆಂ' ಎಂಬ ಒಂದು ಅಕ್ಷರವಾಗಿ ಉಳಿಯುತ್ತಾಳೆ, ಕೆಲವು ಕಡೆ ಅದೂ ಇಲ್ಲ. ಬಟವಾಡೆ ಗಂಡನ ಕೈಗೆ. ಲೈನ್‌ಮನೆ ಗಂಡನ ಹೆಸರಿಗೆ. ಕಾನೂನಿಗೂ ಈ ಅಭ್ಯಾಸವಿತ್ತು. 1951ರ ತೋಟಗಾರಿಕಾ ಕಾರ್ಮಿಕರ ಕಾಯಿದೆಯಲ್ಲಿ ಕುಟುಂಬ ಎಂದರೆ ಏನೆಂದು ಹೇಳುವಾಗ, ಕಾರ್ಮಿಕ ಗಂಡಸಾದರೆ ಅವನನ್ನು ಅವಲಂಬಿಸಿದ ತಂದೆತಾಯಿಯನ್ನೂ ಸೇರಿಸಿದ್ದರು. ಹೆಂಗಸಾದರೆ ಅವಳ ತಂದೆತಾಯಿಗೆ ಆ ಜಾಗವಿರಲಿಲ್ಲ. ಇದನ್ನು ತಿದ್ದಲು 2010ರವರೆಗೆ ಕಾಯಬೇಕಾಯಿತು.

ಹೆಸರಿಲ್ಲದ್ದರಿಂದ ಏನು ಹೋಗುತ್ತದೆ? ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಹೆರಿಗೆ ಸೌಲಭ್ಯ ಸಿಗುತ್ತದೆ. ಆ 80 ದಿನವನ್ನು ತೋರಿಸುವುದು ಹಾಜರಿ ಪುಸ್ತಕ. ಐದು ವರ್ಷ ಸತತವಾಗಿ ದುಡಿದರೆ ಗ್ರಾಚುಯಿಟಿ. ಆ ಐದು ವರ್ಷವೂ ಹಾಜರಿ ಪುಸ್ತಕದಲ್ಲೇ ಇರಬೇಕು. ಆನೆ ಓಡಾಡುವ ದಾರಿಯಲ್ಲಿ ಬೆಳಗ್ಗೆ ಕೆಲಸಕ್ಕೆ ಹೋಗುವವಳಿಗೆ ಏನಾದರೂ ಆದರೆ, ಅವಳು ಆ ತೋಟದ ಆಳು ಎನ್ನುವುದಕ್ಕೂ ಅದೇ ಪುಸ್ತಕ. ನ್ಯಾಯಾಲಯದಲ್ಲಿ ಜೀವನಾಂಶ ಕೇಳುವಾಗ, "ಇವಳ ಕೂಲಿಯನ್ನೂ ಇವನೇ ತೆಗೆದುಕೊಂಡ" ಎಂದು ಹೇಳಲು ಕೂಡ ಆ ಕೂಲಿ ಇವಳ ಹೆಸರಿನಲ್ಲಿ ಎಲ್ಲಾದರೂ ಬರೆದಿರಬೇಕು. ಹನ್ನೊಂದು ವರ್ಷದ ದುಡಿಮೆ ಒಂದು ಫೋನಿನಲ್ಲಿ ಇಲ್ಲವಾಯಿತು.

ಎರಡನೆಯ ಉತ್ತರ ಮುಂಗಡದ್ದು. ಇಲ್ಲಿ ನಮ್ಮ ಪತ್ರಿಕೆಯ ಹಳೆಯ ವಿಷಯವೇ ಎದುರಿಗೆ ಬರುತ್ತದೆ. ಹಿಂದೆ ನಮ್ಮ ದುಡಿಯುವ ಜಾತಿಗಳಲ್ಲಿ ಹೆಚ್ಚಿನವು ಹೆಣ್ಣಿಗೆ ತೆರ ಕೊಟ್ಟು ಮದುವೆಯಾಗುತ್ತಿದ್ದವು. ಅದರಲ್ಲೂ ಹೆಣ್ಣನ್ನು ಲೆಕ್ಕಕ್ಕೆ ಹಿಡಿಯುವುದಿತ್ತು, ಅದನ್ನು ನಾನು ಹೊಗಳುತ್ತಿಲ್ಲ. ಆದರೆ ಈಗ ಲೈನ್‌ಮನೆಗೂ ವರದಕ್ಷಿಣೆ ಬಂದಿದೆ. ಬೈಕು, ಉಂಗುರ, ಕೈಗೆ ಇಷ್ಟು ಎಂದು ಕೇಳುತ್ತಾರೆ. ಕೂಲಿಯ ಅಪ್ಪ ಇದನ್ನು ಎಲ್ಲಿಂದ ತರಬೇಕು? ತೋಟದ ಮುಂಗಡದಿಂದ. 1961ರ ವರದಕ್ಷಿಣೆ ನಿಷೇಧ ಕಾಯಿದೆ ಬಂದು ಅರವತ್ತು ವರ್ಷ ದಾಟಿದ ಮೇಲೂ, ಮಗಳ ವರದಕ್ಷಿಣೆ ಅಪ್ಪನ ತೋಟದ ಪುಸ್ತಕದಲ್ಲಿ ಬಾಕಿಯಾಗಿ ಕುಳಿತಿರುತ್ತದೆ. ಗಂಡನ ಕುಡಿತದ ಸಾಲ ಗಂಡನ ತೋಟದ ಪುಸ್ತಕದಲ್ಲಿರುತ್ತದೆ. ಅವಳ ಕೆಲಸಕ್ಕೆ ಪುಸ್ತಕದಲ್ಲಿ ಜಾಗವಿಲ್ಲ. ಸಾಲಕ್ಕೆ ಮಾತ್ರ ಅವಳ ಕೈ ಬೇಕು.

ಚೀಟಿಯ ಚರಿತ್ರೆಯೂ ಹಳೆಯದು. ಮಂಜರಾಬಾದ್ ಎಂದು ಕರೆಯುತ್ತಿದ್ದ ಈ ಸಕಲೇಶಪುರ ಸೀಮೆಯಲ್ಲಿ 19ನೇ ಶತಮಾನದ ನಡುವಿನಲ್ಲಿ ಯುರೋಪಿಯನ್ನರ ಕಾಫಿ ತೋಟಗಳು ಹಬ್ಬುತ್ತಿದ್ದ ಕಾಲಕ್ಕೇ, ಬ್ರಿಟಿಷ್ ಸರ್ಕಾರ 1859ರಲ್ಲಿ ಒಂದು ಕಾಯಿದೆ ಮಾಡಿತು. ಮುಂಗಡ ಪಡೆದು ಕೆಲಸ ಬಿಟ್ಟವರನ್ನು ಮ್ಯಾಜಿಸ್ಟ್ರೇಟರು ಮತ್ತೆ ಕೆಲಸಕ್ಕೆ ಕಳಿಸಬಹುದು, ಒಪ್ಪದಿದ್ದರೆ ಮೂರು ತಿಂಗಳವರೆಗೆ ಜೈಲಿಗೆ ಹಾಕಬಹುದು. 1925ರಲ್ಲಿ ಅದು ರದ್ದಾಯಿತು. ಸಿಲೋನಿನ ತೋಟಗಳಲ್ಲಿ 'ತುಂಡು' ಎಂಬ ಪದ್ಧತಿ ಇತ್ತು. ತಮಿಳಿನಲ್ಲೂ ಕನ್ನಡದಲ್ಲೂ ಒಂದೇ ಮಾತು. ಇಷ್ಟು ಸಾಲ ತೀರಿಸಿದರೆ ಈ ಆಳುಗಳನ್ನು ಬಿಡುತ್ತೇನೆ ಎಂದು ದೊರೆ ಬರೆದುಕೊಡುವ ಕಾಗದದ ತುಂಡು ಅದು. ಅದಿಲ್ಲದೆ ಇನ್ನೊಂದು ತೋಟಕ್ಕೆ ಹೋಗುವ ಹಾಗಿಲ್ಲ. 1921ರಲ್ಲಿ ಅದನ್ನೂ ನಿಷೇಧಿಸಿದರು. ನಮ್ಮಲ್ಲಿ 1976ರ ಜೀತ ಪದ್ಧತಿ ರದ್ದತಿ ಕಾಯಿದೆ, ಮುಂಗಡದ ಹೆಸರಿನಲ್ಲಿ ಒಬ್ಬರನ್ನು ಅಥವಾ ಅವರ ಮನೆಯವರನ್ನು ಕಟ್ಟಿಹಾಕಿ ದುಡಿಸುವುದನ್ನು ಅಪರಾಧವೆಂದು ಹೇಳಿದೆ. ಗಂಡನ ಬಾಕಿ ತೀರಿಲ್ಲ ಎಂದು ಹೆಂಡತಿಯನ್ನು ವಾಪಸ್ ಕಳಿಸಿ ಎನ್ನುವುದು ವ್ಯವಹಾರದ ಮಾತಲ್ಲ. ಅದು ಜೀತದ ಮಾತು.

ಹಾಗಾದರೆ ಕೆಲಸ ಕೊಡುವವರು ಏನು ಕೇಳಬಹುದು, ಏನು ಕೇಳಬಾರದು? ಇದನ್ನು ಪಟ್ಟಿ ಮಾಡಿ ಹೇಳುವ ಒಂದೇ ಕಾಯಿದೆ ನಮ್ಮ ದೇಶದಲ್ಲಿ ಇಲ್ಲ. ಬೇರೆ ಬೇರೆ ಕಡೆಯಿಂದ ನಾವೇ ಹೆಕ್ಕಿಕೊಳ್ಳಬೇಕು. ಹೆಕ್ಕಲು ಸಾಕಷ್ಟಿದೆ. ಅದರಲ್ಲಿ ಬಹುಪಾಲು ಹೆಂಗಸರೇ ನ್ಯಾಯಾಲಯಕ್ಕೆ ಹೋಗಿ ತಂದದ್ದು.

ನಮ್ಮ ಪಕ್ಕದ ಕೊಡಗಿನ ಸಿ.ಬಿ. ಮುತ್ತಮ್ಮ ಭಾರತದ ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಣ್ಣು. ಆ ಸೇವೆಯ ಹೆಂಗಸರು ಮದುವೆಯಾಗಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು ಎಂಬ ನಿಯಮವಿತ್ತು. ಸಂಸಾರದಿಂದ ಕೆಲಸಕ್ಕೆ ಅಡ್ಡಿ ಎಂದು ಸರ್ಕಾರಕ್ಕೆ ಅನಿಸಿದರೆ ರಾಜೀನಾಮೆಯನ್ನೂ ಕೇಳಬಹುದಿತ್ತು. ಗಂಡಸರಿಗೆ ಇದು ಯಾವುದೂ ಇರಲಿಲ್ಲ. 1979ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಇಂಥ ನಿಯಮಗಳನ್ನು ಕಟುವಾಗಿ ಟೀಕಿಸಿದರು. 1991ರಲ್ಲಿ ನೀರಾ ಮಾಥುರ್ ಪ್ರಕರಣ ಬಂತು. ಜೀವ ವಿಮಾ ನಿಗಮ ಕೆಲಸಕ್ಕೆ ಸೇರುವ ಹೆಂಗಸರಿಂದ ತುಂಬಿಸಿಕೊಳ್ಳುತ್ತಿದ್ದ ಫಾರಂನಲ್ಲಿ ಮುಟ್ಟು ಸರಿಯಾಗಿ ಆಗುತ್ತದೆಯೇ, ಎಷ್ಟು ಸಲ ಬಸಿರಾಗಿದ್ದೀರಿ, ಗರ್ಭಪಾತವಾಗಿದೆಯೇ ಎಂಬ ಕಲಂಗಳಿದ್ದವು. ಬಸಿರಿನ ವಿಷಯ ಮುಚ್ಚಿಟ್ಟಳು ಎಂದು ಆಕೆಯನ್ನು ಕೆಲಸದಿಂದ ತೆಗೆದಿದ್ದರು. ಸುಪ್ರೀಂ ಕೋರ್ಟು ಆಕೆಯನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿತು, ಆ ಕಲಂಗಳನ್ನೇ ತೆಗೆದುಹಾಕಲು ಹೇಳಿತು. ಮದುವೆಯಾದಳೆಂದು 1988ರಲ್ಲಿ ಸೇನೆಯ ನರ್ಸಿಂಗ್ ಸೇವೆಯಿಂದ ಹೊರಹಾಕಲ್ಪಟ್ಟ ಸೆಲಿನಾ ಜಾನ್ ಅವರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಅದೇ ಕೋರ್ಟು ತೀರ್ಪಿತ್ತದ್ದು 2024ರ ಫೆಬ್ರವರಿಯಲ್ಲಿ. ಮೂವತ್ತಾರು ವರ್ಷ ಬೇಕಾಯಿತು.

ಇವೆಲ್ಲ ಓದಿದವರ, ಸರ್ಕಾರಿ ನೌಕರಿಯವರ ಪ್ರಕರಣಗಳು, ತೋಟದ ಕೂಲಿಗೇನು ಎಂದು ನೀವು ಕೇಳಬಹುದು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ ಕಾಯಿದೆಗಳು ಅವುಗಳಲ್ಲಿ ಸೇರಿಹೋಗಿವೆ. ಕಾರ್ಮಿಕ ಸಂಘಟನೆಗಳಿಗೆ ಇವುಗಳ ಬಗ್ಗೆ ಗಂಭೀರ ಆಕ್ಷೇಪಗಳಿವೆ, ಅದು ಬೇರೆಯೇ ಚರ್ಚೆ. ಆದರೆ ನಮ್ಮ ಕೈಗೆ ಬರುವ ಕೆಲವು ಮಾತು ಅವುಗಳಲ್ಲಿವೆ. ಒಂದೇ ಬಗೆಯ ಕೆಲಸಕ್ಕೆ ಸೇರಿಸಿಕೊಳ್ಳುವಾಗ ಹೆಣ್ಣು ಗಂಡೆಂಬ ಭೇದ ಮಾಡಬಾರದು ಎನ್ನುತ್ತದೆ ವೇತನ ಸಂಹಿತೆ. ಅದೇ ಸಂಹಿತೆ ವೇತನ ಚೀಟಿ ಕೊಡಬೇಕೆನ್ನುತ್ತದೆ. ಯಾವ ಬಾಬ್ತಿಗೆ ಕೂಲಿ ಮುರಿಯಬಹುದೆಂದು ಪಟ್ಟಿ ಕೊಟ್ಟಿದೆ. ಗಂಡ ತೆಗೆದುಕೊಂಡ ಮುಂಗಡ ಆ ಪಟ್ಟಿಯಲ್ಲಿ ಇಲ್ಲ. ಕೆಲಸದ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯ ಪ್ರಕಾರ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು. ಗುತ್ತಿಗೆದಾರರ ಮೂಲಕ ಬಂದವರು ಕೇಳಿದರೆ, ಮಾಡಿದ ಕೆಲಸದ ವಿವರವಿರುವ ಅನುಭವ ಪತ್ರವನ್ನು ಗುತ್ತಿಗೆದಾರ ಕೊಡಬೇಕು. ಅಸ್ಸಾಮಿನಿಂದ, ಬಂಗಾಳದಿಂದ, ನಮ್ಮ ಉತ್ತರ ಕರ್ನಾಟಕದಿಂದ ಮೇಸ್ತ್ರಿಯ ಹಿಂದೆ ಬರುವ ಹೆಂಗಸರಿಗೆ ಇದು ತಿಳಿದಿರಬೇಕು.

ಇದರ ಮೇಲೆ ನಮ್ಮ ತಿಳುವಳಿಕೆಯನ್ನು ಹೀಗೆ ಹೇಳಬಹುದು.

ಹೆಸರು ಕೇಳಲಿ. ವಯಸ್ಸು ಕೇಳಲಿ, ಮಕ್ಕಳನ್ನು ದುಡಿಸಬಾರದಲ್ಲ. ಯಾವ ಕೆಲಸ ಬರುತ್ತದೆ, ಎಲ್ಲಿ ಎಷ್ಟು ವರ್ಷ ಮಾಡಿದ್ದೀಯ ಎಂದು ಕೇಳಲಿ. ಬ್ಯಾಂಕ್ ಖಾತೆಯ ನಂಬರು, ಪಿ.ಎಫ್. ನಂಬರು, ಅದಕ್ಕೆ ಬೇಕಾದ ಆಧಾರ್ ನೋಡಲಿ. ನೋಡಿ ವಾಪಸ್ ಕೊಡಲಿ. ಮೂಲ ಕಾರ್ಡನ್ನು ಬೀರುವಿನಲ್ಲಿ ಇಟ್ಟುಕೊಳ್ಳುವ ಅಧಿಕಾರವನ್ನು ಯಾವ ಕಾಯಿದೆಯೂ ಮಾಲೀಕರಿಗೆ ಕೊಟ್ಟಿಲ್ಲ. ತೊಂದರೆಯಾದರೆ ಯಾರಿಗೆ ತಿಳಿಸಬೇಕು ಎಂದು ಕೇಳುವುದು ಒಳ್ಳೆಯದೇ. ಆದರೆ ಆ ಹೆಸರು ಅವಳ ಆಯ್ಕೆಯದಾಗಿರಬೇಕು.

ಗಂಡನ ಒಪ್ಪಿಗೆ ಕೇಳುವುದು ಬೇಡ. ಬಸಿರೇ ಎಂದು ಕೇಳುವುದು ಬೇಡ. ಯಾಕೆ ಬಿಟ್ಟುಬಂದೆ, ಯಾರ ತಪ್ಪು ಎಂದು ವಿಚಾರಣೆ ನಡೆಸುವುದು ಬೇಡ. 'ತಂದೆ/ಗಂಡನ ಹೆಸರು' ಎಂಬ ಕಲಂನಲ್ಲಿ ತಂದೆಯ ಹೆಸರನ್ನೇ ಬರೆದರೆ ಸಾಕು. ಹಳೇ ತೋಟದಲ್ಲಿ ಎಷ್ಟು ಕೂಲಿ ಕೊಡುತ್ತಿದ್ದರು ಎಂಬ ಪ್ರಶ್ನೆಯೂ ಮೋಸದ್ದೇ. ಕಡಿಮೆ ಕೊಟ್ಟ ಕಡೆಯಿಂದ ಬಂದವಳಿಗೆ ಮತ್ತೆ ಕಡಿಮೆ ಕೊಡಲು ಅದೊಂದು ನೆಪ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2016ರಲ್ಲಿ ಕಾಯಿದೆ ಮಾಡಿ, ಕೆಲಸ ಕೊಡುವ ಮೊದಲು ಹಿಂದಿನ ಸಂಬಳ ಕೇಳುವುದನ್ನೇ ನಿಷೇಧಿಸಿತು.

ಇನ್ನು ಹಳೆಯ ಕಡೆಗೆ ಫೋನು ಮಾಡುವ ಪ್ರಶ್ನೆ. ಮಾಲೀಕರ ಕಷ್ಟವೂ ನನಗೆ ಗೊತ್ತು. ಮೆಣಸು ಕಳವಾಗುತ್ತದೆ, ಗುರುತು ಪರಿಚಯವಿಲ್ಲದವರು ಬರುತ್ತಾರೆ, ಜಗಳ ಲೈನಿಗೆ ಬರುತ್ತದೆ. ವಿಚಾರಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಮೊದಲು ಅವಳನ್ನು ಕೇಳಿ: ಯಾರಿಗೆ ಫೋನು ಮಾಡಬಹುದು? ಜೊತೆಯಲ್ಲಿ ದುಡಿದ ಇನ್ನೊಬ್ಬಳಿರಬಹುದು, ಅಂಗನವಾಡಿಯವರಿರಬಹುದು, ಹಿಂದೆ ಬಿಟ್ಟ ಇನ್ನೊಂದು ತೋಟದವರಿರಬಹುದು. ಕೇಳುವುದು ಮೂರೇ ಇರಲಿ: ಕೆಲಸ ಮಾಡಿದ್ದಳೇ, ಎಷ್ಟು ಕಾಲ, ಏನು ಕೆಲಸ. ಅವಳು ಈಗ ಎಲ್ಲಿದ್ದಾಳೆ ಎಂಬುದನ್ನು ಹೇಳಬೇಡಿ. ಅವಳು ಬೇಡ ಎಂದರೆ, ಎರಡು ದಿನ ಕೆಲಸ ಮಾಡಿಸಿ ನೋಡಿ. ಕೊಯ್ಲು ಬರುತ್ತದೋ ಇಲ್ಲವೋ ಎಂಬುದನ್ನು ಫೋನಿಗಿಂತ ಗಿಡವೇ ಚೆನ್ನಾಗಿ ಹೇಳುತ್ತದೆ.

ಸೋದರಿಯರಿಗೂ ಒಂದು ಮಾತು. ಸುಳ್ಳು ಚೀಟಿ ಮಾಡಿಸಬೇಡಿ, ಅದು ನಿಮ್ಮ ಕೊರಳಿಗೇ ಬರುತ್ತದೆ. ಹೇಳಬೇಕಾಗಿಲ್ಲದ್ದನ್ನು ಹೇಳದಿರುವುದು ಸುಳ್ಳಲ್ಲ. ಈಗ ಇರುವ ಮನೆಯಲ್ಲಿ ನೆಮ್ಮದಿಯಾಗಿಯೇ ಇದ್ದರೂ ನಿಮ್ಮ ಹೆಸರು ಚೆಕ್‌ರೋಲಿನಲ್ಲಿ ಇದೆಯೇ ಎಂದು ಕೇಳಿ ನೋಡಿ. ಕೂಲಿ ನಿಮ್ಮದೇ ಖಾತೆಗೆ ಬರಲಿ. ವೇತನ ಚೀಟಿ, ಪಿ.ಎಫ್. ನಂಬರು, ಆಸ್ಪತ್ರೆ ಚೀಟಿ, ಮಗುವಿನ ಜನನ ಪತ್ರ, ಇವುಗಳ ಒಂದು ನಕಲನ್ನು ಮನೆಯಿಂದ ಹೊರಗೆ ನಂಬಿಕೆಯವರ ಬಳಿ ಇಡಿ. ಆಧಾರಿಗೆ, ಪಿ.ಎಫ್.ಗೆ ಜೋಡಿಸಿದ ಮೊಬೈಲ್ ನಂಬರು ಯಾರದ್ದು ಎಂದು ನೋಡಿಕೊಳ್ಳಿ. ಗಂಡನದ್ದಾದರೆ ನಿಮ್ಮ ಖಾತೆಯ ಬೀಗದ ಕೈ ಅವನ ಜೇಬಿನಲ್ಲಿದೆ ಎಂದೇ ಅರ್ಥ.

ಗಂಡ ಕೆಲಸದ ಜಾಗಕ್ಕೆ ಬಂದು ಗಲಾಟೆ ಮಾಡಿದರೆ ಅದು ಮನೆಯ ವಿಷಯವಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯ 18ನೇ ಕಲಮಿನಲ್ಲಿ, ಹೆಂಗಸು ಕೆಲಸ ಮಾಡುವ ಜಾಗಕ್ಕೆ ಅವನು ಕಾಲಿಡದಂತೆ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ಮೀರಿದರೆ ಒಂದು ವರ್ಷದವರೆಗೆ ಜೈಲು, ಅಥವಾ 20 ಸಾವಿರದವರೆಗೆ ದಂಡ, ಅಥವಾ ಎರಡೂ. ಅವಳ ಸಂಬಳ ಕಿತ್ತುಕೊಳ್ಳುವುದು, ಕೆಲಸಕ್ಕೆ ಹೋಗದಂತೆ ತಡೆಯುವುದು ಕೂಡ ಈ ಕಾಯಿದೆಯ ಲೆಕ್ಕದಲ್ಲಿ ದೌರ್ಜನ್ಯವೇ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲ್ಲೂಕಿನ ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ಹೊರಗಿನ ದೇಶಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿವೆ. ಫಿಲಿಪೈನ್ಸ್ 2004ರಲ್ಲೇ ಹೊಡೆತ ತಿಂದ ಹೆಂಗಸಿಗೆ ಹತ್ತು ದಿನದ ಸಂಬಳ ಸಹಿತ ರಜೆ ಕೊಟ್ಟಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2019ರ 190ನೇ ಒಡಂಬಡಿಕೆ ಮನೆಯೊಳಗಿನ ಹಿಂಸೆ ಕೆಲಸದ ಜಾಗಕ್ಕೂ ಸಂಬಂಧಿಸಿದ್ದು ಎಂದು ಒಪ್ಪಿದೆ. ನಾವು ಸದ್ಯಕ್ಕೆ ಕೇಳುತ್ತಿರುವುದು ಅಷ್ಟು ದೊಡ್ಡದೂ ಅಲ್ಲ. ಬೆಳೆಗಾರರ ಸಂಘಗಳು ತಮ್ಮ ಸದಸ್ಯರಿಗೆ ಮೂರು ಮಾತು ಬರೆದು ಕಳಿಸಲಿ: ಪ್ರತಿ ಹೆಂಗಸಿಗೂ ಚೆಕ್‌ರೋಲಿನಲ್ಲಿ ಅವಳದೇ ಸಾಲು, ಅವಳದೇ ಖಾತೆಗೆ ಕೂಲಿ, ಅವಳನ್ನು ಕೇಳದೆ ಫೋನಿಲ್ಲ. ಕಾರ್ಮಿಕ ನಿರೀಕ್ಷಕರು ತಪಾಸಣೆಗೆ ಬಂದಾಗ, ತೋಟದಲ್ಲಿ ಕಂಡ ಹೆಂಗಸರ ತಲೆ ಎಣಿಸಿ, ಪುಸ್ತಕದಲ್ಲಿ ಎಷ್ಟು ಹೆಸರಿದೆ ಎಂದು ತಾಳೆ ನೋಡಲಿ.

ಆ ಹೆಣ್ಣುಮಗಳು ಈಗ ಬೇರೊಂದು ಕಡೆ ದುಡಿಯುತ್ತಿದ್ದಾಳೆ. ಎಲ್ಲಿ ಎಂದು ಇಲ್ಲಿ ಬರೆಯುವುದಿಲ್ಲ. ಗಂಡ ಆ ಜಾಗಕ್ಕೆ ಬರಬಾರದೆಂಬ ಆದೇಶ ಸಿಕ್ಕಿದೆ. ಆಧಾರ್ ಕಾರ್ಡನ್ನು ಮೂರು ಸಲ ಹೋಗಿ ಕೇಳಿ ಬಿಡಿಸಿ ತಂದೆವು. ಹನ್ನೊಂದು ವರ್ಷದ ದುಡಿಮೆಯನ್ನು ಮಾತ್ರ ಇನ್ನೂ ಬಿಡಿಸಲಾಗಿಲ್ಲ. ಜೊತೆಯಲ್ಲಿ ಕೊಯ್ದ ನಾಲ್ಕು ಹೆಂಗಸರು ಸಾಕ್ಷಿ ಹೇಳುತ್ತೇವೆ ಎಂದಿದ್ದಾರೆ. ಅವರಲ್ಲಿ ಇಬ್ಬರ ಹೆಸರೂ ಆ ತೋಟದ ಪುಸ್ತಕದಲ್ಲಿ ಇಲ್ಲ.

ನಿಮ್ಮ ತೋಟದಲ್ಲಿ, ಕಾರ್ಖಾನೆಯಲ್ಲಿ, ನೀವು ಕೆಲಸಕ್ಕೆ ಹೋಗುವ ಮನೆಗಳಲ್ಲಿ ನಿಮ್ಮನ್ನು ಏನು ಕೇಳಿದರು, ನೀವು ಏನು ಉತ್ತರ ಕೊಟ್ಟಿರಿ ಎಂದು ನಮಗೆ ಬರೆಯಿರಿ. ಬರೆಯಲು ಬಾರದಿದ್ದರೆ ಬರೆಯುವವರ ಬಳಿ ಹೇಳಿಸಿ ಕಳಿಸಿ. ನಿಮ್ಮ ಹೆಸರನ್ನು ನೀವು ಬೇಡವೆಂದರೆ ಅಚ್ಚು ಹಾಕುವುದಿಲ್ಲ. ಮುಂದಿನ ಸಂಚಿಕೆಯಲ್ಲಿ ಆ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಇಟ್ಟು, ಕಾರ್ಮಿಕ ಇಲಾಖೆಯ ಮುಂದೆ ಹೋಗೋಣ.